ಹಣೆಬರಹವೂ ಊಟದ ತಟ್ಟೆಯೂ



ಶಂಕರಘಟ್ಟದ ಒಂದು ನಿಕಾಹ್ ಔತಣದಲ್ಲಿ ನನ್ನ ಪಕ್ಕ ಕುಳಿತಿದ್ದ ಹಿರಿಯರೊಬ್ಬರು ಎರಡನೆಯ ಸಲ ಸಿಹಿ ಬಡಿಸಿಕೊಳ್ಳುತ್ತಾ, "ಸಕ್ಕರೆ ಕಾಯಿಲೆ ಹಣೆಯಲ್ಲಿ ಬರೆದಿದ್ದರೆ ಬಂದೇ ಬರುತ್ತದೆ, ಮೌಲವಿ ಸಾಹೇಬರೇ" ಎಂದರು. ಅದೇ ಕಾಯಿಲೆಯಿಂದ ಅವರ ಅಣ್ಣ ಕಾಲಿನ ಎರಡು ಬೆರಳು ಕಳೆದುಕೊಂಡಿದ್ದರು. ಊಟದ ಮುಂದೆ ವಾದ ಸಲ್ಲದೆಂದು ಅಂದು ಸುಮ್ಮನಾದೆ.

ವಿಧಿಯಲ್ಲಿ ನಂಬಿಕೆ ನಮ್ಮ ಈಮಾನಿನ ಭಾಗ, ನಿಜ. ಆದರೆ ಮೊದಲು ಒಂಟೆಯನ್ನು ಕಟ್ಟಿ ಬಳಿಕ ಅಲ್ಲಾಹನ ಮೇಲೆ ಭರವಸೆಯಿಡಲು ಕಲಿಸಿದವರು ಪ್ರವಾದಿವರ್ಯರು(ಸ). ದೇಹವು ನಮ್ಮ ಬಳಿ ಇರುವ ಅಮಾನತ್ತು. ರಕ್ತಸಂಬಂಧದಲ್ಲಿ ಈ ಕಾಯಿಲೆ ಇದ್ದವರಿಗೆ ಅಪಾಯ ಹೆಚ್ಚು. ಅದು ನಮ್ಮ ಕೈಯಲ್ಲಿಲ್ಲ. ತಟ್ಟೆ ಮತ್ತು ಕಾಲುಗಳು ನಮ್ಮ ಕೈಯಲ್ಲಿವೆ.

ತಿಂದ ಅನ್ನ ಸಕ್ಕರೆಯಾಗಿ ರಕ್ತ ಸೇರುತ್ತದೆ. ಅದನ್ನು ಸ್ನಾಯುಗಳಿಗೆ ತಲಪಿಸುವುದು ಇನ್ಸುಲಿನ್. ಹೊಟ್ಟೆಯ ಕೊಬ್ಬು ಬೆಳೆದು ಮೈ ದುಡಿಯದಿದ್ದರೆ ಇನ್ಸುಲಿನ್ನಿನ ಮಾತು ನಡೆಯದು. ಖಾಲಿ ಹೊಟ್ಟೆಯಲ್ಲಿ ರಕ್ತದ ಸಕ್ಕರೆ 100ರಿಂದ 125ರೊಳಗಿದ್ದರೆ ಅದು ಎಚ್ಚರಿಕೆ. ಮತ್ತೆ ಪರೀಕ್ಷಿಸಿದಾಗಲೂ 126 ಅಥವಾ ಹೆಚ್ಚಿದ್ದರೆ ಕಾಯಿಲೆ. ಎಚ್ಚರಿಕೆಯ ಹಂತದಲ್ಲಿ ಸಾಮಾನ್ಯವಾಗಿ ನೋವಿಲ್ಲ, ದಾಹವಿಲ್ಲ. ಆದುದರಿಂದಲೇ ಮನುಷ್ಯ ಮೋಸಹೋಗುತ್ತಾನೆ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯಂತೆ ದೇಶದಲ್ಲಿ ಸುಮಾರು 10.1 ಕೋಟಿ ಮಂದಿಗೆ ಈ ಕಾಯಿಲೆಯಿದೆ, ಇನ್ನೂ 13.6 ಕೋಟಿ ಮಂದಿ ಹೊಸ್ತಿಲಲ್ಲಿದ್ದಾರೆ.

ಹೊಸ್ತಿಲಿನಿಂದ ಹಿಂದೆ ಸರಿಯಬಹುದೇ? ಅಂಥವರ ಮೇಲೆ ಚೆನ್ನೈಯ ವೈದ್ಯರು ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನ ನೋಡಿ. ವಿಶೇಷ ಸಲಹೆಯಿಲ್ಲದವರ ಗುಂಪಿನಲ್ಲಿ ಮೂರು ವರ್ಷಗಳೊಳಗೆ ನೂರಕ್ಕೆ 55 ಮಂದಿಗೆ ಕಾಯಿಲೆ ಬಂತು. ದಿನಕ್ಕೆ ಅರ್ಧ ಗಂಟೆ ನಡೆಯಲು, ಸಿಹಿ, ಎಣ್ಣೆ ತಗ್ಗಿಸಲು ಸಲಹೆ ಪಡೆದವರಲ್ಲಿ 39 ಮಂದಿಗೆ. ಆ 39 ಮಂದಿಯನ್ನು ನೋಡಿ ಯಾರೂ ಅಹಂಕಾರಪಡಬೇಕಿಲ್ಲ. ಪಾರಾದ 16 ಮಂದಿಯನ್ನು ನೋಡಿ ಯಾರೂ ಕೈಚೆಲ್ಲಬೇಕಿಲ್ಲ.

ಭದ್ರೆಯ ನೀರಿನಲ್ಲಿ ಭತ್ತ ಬೆಳೆಯುವ ನಾಡು ನಮ್ಮದು. ಬೆಳಿಗ್ಗೆ ಅಕ್ಕಿ ರೊಟ್ಟಿ, ಮಧ್ಯಾಹ್ನ ಅನ್ನ, ರಾತ್ರಿ ಮತ್ತೆ ಅನ್ನ. ಅನ್ನ ಬಿಡಿ ಎನ್ನುತ್ತಿಲ್ಲ. ರಾಶಿ ತಗ್ಗಿಸಿ, ಸೊಪ್ಪು, ಕಾಳು ಹೆಚ್ಚಿಸಿ. ಹೊಟ್ಟೆಯ ಮೂರನೆಯ ಒಂದು ಪಾಲನ್ನು ಉಸಿರಾಟಕ್ಕೆ ಬಿಡಬೇಕೆಂಬ ಪ್ರವಾದಿ(ಸ)ಯವರ ಉಪದೇಶವನ್ನು ನಾವು ಭಾಷಣದಲ್ಲಿ ಹೇಳುತ್ತೇವೆ, ಇಫ್ತಾರಿನಲ್ಲಿ ಶರಬತ್ತು, ಸಮೋಸಗಳ ನಡುವೆ ಮರೆಯುತ್ತೇವೆ. ಕೂಗಳತೆಯ ಮಸೀದಿಗೂ ಬೈಕು ಬೇಕು! ಬಸುರಿನಲ್ಲಿ ಸಕ್ಕರೆ ಏರಿದ್ದ ಸಹೋದರಿಯರಿಗೆ ಮುಂದೆಯೂ ಅಪಾಯ ಹೆಚ್ಚು. ಅವರಿಗೆ ನಡೆಯಲು ಬಿಡುವು ಮಾಡಿಕೊಡುವುದು ಮನೆಯ ಗಂಡಸರ ಹೊಣೆ.

ನನ್ನ ಸಕ್ಕರೆ ಕಳೆದ ವರ್ಷ 108 ಇತ್ತು. ಅಂದಿನಿಂದ ಫಜ್ರ್ ನಮಾಝಿಗೆ ನಡೆದೇ ಹೋಗುತ್ತೇನೆ. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ 30 ದಾಟಿದವರ ಸಕ್ಕರೆ ಪರೀಕ್ಷಿಸುವ ವ್ಯವಸ್ಥೆಯಿದೆ; ಒಂದು ಬೆಳಿಗ್ಗೆ ಇಬ್ಬರೂ ಹೋಗೋಣವೆಂದು ಆ ಹಿರಿಯರನ್ನು ಕರೆದಿದ್ದೇನೆ. ಅವರಿನ್ನೂ ಒಪ್ಪಿಲ್ಲ.