ಚೌಕಕ್ಕೆ ತಕ್ಕ ಹೆಸರು

ಎಲೆಯ ತುದಿ ಎಡಕ್ಕೆ ಬರಬೇಕು, ಉಪ್ಪು ಮೇಲುಗಡೆಯ ಎಡ ಮೂಲೆಗೆ, ಆಮೇಲೆ ಉಪ್ಪಿನಕಾಯಿ, ಕೋಸಂಬರಿ, ಪಲ್ಯ, ನಡುವೆ ಅನ್ನ. ಬಾಳೆಎಲೆಯ ಊಟಕ್ಕೆ ನಮ್ಮಲ್ಲಿ ಹೀಗೊಂದು ನಕ್ಷೆಯಿದೆ. ಮನೆಯಿಂದ ಮನೆಗೆ ಸ್ವಲ್ಪ ಹೆಚ್ಚುಕಡಿಮೆ ಇರಬಹುದು, ಆದರೆ ನಕ್ಷೆಯೇ ಇಲ್ಲದ ಮನೆಯಿಲ್ಲ. ಉಣ್ಣಲು ಯಾರು ಬರುತ್ತಾರೆಂದು ತಿಳಿಯುವ ಮೊದಲೇ ಯಾವ ಪದಾರ್ಥ ಎಲ್ಲಿ ಎಂಬುದು ತೀರ್ಮಾನವಾಗಿರುತ್ತದೆ. ಇಲ್ಲದಿದ್ದರೆ ಇನ್ನೂರು ಜನರ ಪಂಕ್ತಿಗೆ ಬಡಿಸಿ ಮುಗಿಸುವುದು ಯಾರಿಂದಲೂ ಆಗದು.

ಬದುಕಿನ ಎಷ್ಟೋ ಕೆಲಸಗಳು ಹೀಗೆಯೇ ನಡೆಯುತ್ತವೆ. ಅರ್ಜಿ ನಮೂನೆ, ರೇಷನ್ ಕಾರ್ಡು, ಮಕ್ಕಳ ಅಂಕಪಟ್ಟಿ, ಲಗ್ನಪತ್ರಿಕೆ ಎಲ್ಲದರಲ್ಲೂ ಚೌಕ ಮೊದಲು ಹುಟ್ಟುತ್ತದೆ. ಮನುಷ್ಯರು ಆಮೇಲೆ ಬಂದು ಅದರೊಳಗೆ ಕೂರುತ್ತಾರೆ. ಕೂರಲು ಆಗದಿದ್ದರೆ? ಚೌಕ ಹಿಗ್ಗಬೇಕೋ, ಕೂರುವವರು ಮುದುಡಿಕೊಳ್ಳಬೇಕೋ? ಮೇಲುನೋಟಕ್ಕೆ ಇದು ಅಚ್ಚಿನ ಮನೆಯವರ ತೊಂದರೆ ಎನಿಸುತ್ತದೆ. ಆದರೆ ಇದು ನ್ಯಾಯದ ಪ್ರಶ್ನೆ ಎಂದು ನನಗೆ ಮನದಟ್ಟಾದದ್ದು ನಮ್ಮ ಊರಿನ ಮಹಿಳಾ ಸಂಘವೊಂದರ ಸದಸ್ಯತ್ವದ ಕಾರ್ಡುಗಳು ತಯಾರಾದಾಗ.

ನನ್ನ ಅಕ್ಕನ ಮಗಳು ಬೆಂಗಳೂರಿನಲ್ಲಿ ಡಿಸೈನ್ ಕೆಲಸ ಮಾಡುತ್ತಾಳೆ. ಅವಳ ಕಸುಬಿನಲ್ಲಿ ಮೊದಲು ಒಂದು ಮಾದರಿ ಸಿದ್ಧವಾಗುತ್ತದೆ. ಹೆಸರು ಇಲ್ಲಿ, ಫೋಟೋ ಇಲ್ಲಿ, ವಿಳಾಸ ಕೆಳಗೆ ಎಂದು ಜಾಗ ಗುರುತಾಗುತ್ತದೆ. ಇನ್ನೊಂದು ಕಡೆ ಎಕ್ಸೆಲ್ ಅಥವಾ ಗೂಗಲ್ ಶೀಟಿನಲ್ಲಿ ಎಲ್ಲರ ವಿವರಗಳ ಪಟ್ಟಿ ಇರುತ್ತದೆ. ಒಬ್ಬರಿಗೆ ಒಂದು ಸಾಲು, ಒಂದೊಂದು ವಿವರಕ್ಕೆ ಒಂದೊಂದು ಕಾಲಂ. ಮಾದರಿಯಲ್ಲಿರುವ ಜಾಗಕ್ಕೂ ಪಟ್ಟಿಯ ಕಾಲಮ್ಮಿಗೂ ಒಂದೇ ಹೆಸರಿಟ್ಟರೆ ಆಯಿತು, ಕಂಪ್ಯೂಟರು ತಾನೇ ಒಂದೊಂದು ಸಾಲನ್ನೂ ಎತ್ತಿಕೊಂಡು ಒಂದೊಂದು ಕಾರ್ಡು ತುಂಬಿಸಿಬಿಡುತ್ತದೆ. ಫಿಗ್ಮಾ ಎಂಬ ತಂತ್ರಾಂಶದಲ್ಲಿ ಇದಕ್ಕೊಂದು ಚಿಕ್ಕ ಸಲಕರಣೆ ಇದೆ, ಇನ್‌ಡಿಸೈನ್‌ನಲ್ಲಿ ಇದನ್ನೇ ಡೇಟಾ ಮರ್ಜ್ ಎನ್ನುತ್ತಾರೆ. ಆಫೀಸಿನಲ್ಲಿ ಕೆಲಸ ಮಾಡಿದ ಹೆಂಗಸರಿಗೆ ಮೇಲ್ ಮರ್ಜ್ ನೆನಪಿರಬಹುದು, ಅದೇ ಜಾತಿಯದು. ಹಿಂದೆ ಒಬ್ಬರು ವಾರಗಟ್ಟಲೆ ಕೂತು ಬರೆಯುತ್ತಿದ್ದ ಕಾರ್ಡುಗಳು ಈಗ ಒಂದು ಲೋಟ ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಆಗುತ್ತವೆ.

ಪಟ್ಟಿ ಬರುವ ತನಕ ಮಾದರಿಯಲ್ಲಿ ಏನನ್ನಾದರೂ ತುಂಬಿರಬೇಕಲ್ಲ? ಅದಕ್ಕೆ ಪ್ರಪಂಚದಾದ್ಯಂತ ಬಳಸುವುದು 'ಲೋರೆಮ್ ಇಪ್ಸಮ್' ಎಂದು ಶುರುವಾಗುವ, ಅರ್ಥವಿಲ್ಲದ ಲ್ಯಾಟಿನ್ ಸಾಲುಗಳನ್ನು. 1960ರ ದಶಕದಲ್ಲಿ ಲೆಟ್ರಾಸೆಟ್ ಎಂಬ ಕಂಪನಿಯ ಅಕ್ಷರದ ಹಾಳೆಗಳಿಂದ, 1980ರ ದಶಕದಲ್ಲಿ ಪೇಜ್‌ಮೇಕರ್‌ನಿಂದ ಇದು ಎಲ್ಲ ಕಡೆ ಹಬ್ಬಿತು. ಅಮೆರಿಕದ ಲ್ಯಾಟಿನ್ ವಿದ್ವಾಂಸ ರಿಚರ್ಡ್ ಮೆಕ್‌ಕ್ಲಿಂಟಾಕ್ ಇದರ ಮೂಲವನ್ನು ಹುಡುಕಿ ತೆಗೆದರು. ಕ್ರಿಸ್ತಪೂರ್ವ 45ರಲ್ಲಿ ರೋಮಿನ ಸಿಸೆರೊ ಬರೆದ ಒಂದು ಗ್ರಂಥದ ಚೂರುಗಳು ಇವು. ಅದು ಸುಖ ಯಾವುದು, ದುಃಖ ಯಾವುದು, ಮನುಷ್ಯ ಯಾವುದನ್ನು ಅರಸಬೇಕು ಎಂದು ಚರ್ಚಿಸುವ ನೀತಿಯ ಗ್ರಂಥ! 'ಲೋರೆಮ್' ಎಂಬುದಾದರೂ ಪೂರ್ತಿ ಶಬ್ದವಲ್ಲ. 'ಡೊಲೋರೆಮ್' ಎಂಬುದರ ತಲೆ ಕತ್ತರಿಸಿ ಉಳಿದದ್ದು. ಅದರ ಅರ್ಥ, ನೋವು. ನೋವಿನ ಬಗ್ಗೆ ಯೋಚಿಸಿ ಬರೆದ ಮಾತು ಎರಡು ಸಾವಿರ ವರ್ಷಗಳ ಮೇಲೆ ಜಾಗ ತುಂಬುವ ಹೊಟ್ಟಾಯಿತು. ಇದನ್ನು ಕೇಳಿದಾಗ ಮೊದಲು ನಗು ಬಂತು, ಆಮೇಲೆ ಯಾಕೋ ನಗು ನಿಂತಿತು.

ಈ ಹೊಟ್ಟಿನ ಗುಣವೇ ಅದು ಎಲ್ಲಿಯೂ ಚುಚ್ಚುವುದಿಲ್ಲ ಎಂಬುದು. ಎಷ್ಟು ಬೇಕೋ ಅಷ್ಟು ಉದ್ದಕ್ಕೆ ಕತ್ತರಿಸಬಹುದು. ಮಾದರಿಗಳಲ್ಲಿ ಬರುವ ಹೆಸರುಗಳೂ ಹಾಗೆಯೇ. ನಮ್ಮ ಕಾರ್ಡಿನ ಮಾದರಿಯಲ್ಲಿ ಇದ್ದವಳು 'ರಮಾ'. ಎರಡೇ ಅಕ್ಷರ, ಒತ್ತಿಲ್ಲ, ಉದ್ದವಿಲ್ಲ. ಅವಳ ವಿಳಾಸ ಒಂದೇ ಸಾಲು. ಫೋಟೋದಲ್ಲಿ ಹಲ್ಲು ಕಾಣುವಂತೆ ನಗುತ್ತಿದ್ದಳು. ಅವಳಿಗೆ ಫೋನ್ ನಂಬರ್ ಇತ್ತು, ಹುಟ್ಟಿದ ತಾರೀಖು ಗೊತ್ತಿತ್ತು, ಗಂಡ ಇದ್ದ. ಮಾದರಿ ನೋಡಿದ ಸಮಿತಿಯವರೆಲ್ಲ "ಎಷ್ಟು ಚೆನ್ನಾಗಿದೆ" ಎಂದು ಒಪ್ಪಿದರು. ರಮಾ ಅಷ್ಟು ಅನುಕೂಲವಾದ ಹೆಂಗಸಾಗಿದ್ದಳು.

ಆಮೇಲೆ ಇನ್ನೂರಕ್ಕೂ ಹೆಚ್ಚು ನಿಜವಾದ ಹೆಂಗಸರು ಆ ಚೌಕಕ್ಕೆ ಬಂದರು. ಪುಟ್ಟಲಕ್ಷ್ಮಮ್ಮ ಎಂಬ ಹೆಸರು ಅಂಚಿನಿಂದ ಹೊರಗೆ ಹೋಯಿತು. ಇಂಗ್ಲಿಷ್ ಅಕ್ಷರದ ಎತ್ತರಕ್ಕೆ ಮಾಡಿದ ಪೆಟ್ಟಿಗೆಯಲ್ಲಿ ಕನ್ನಡದ ಒತ್ತಕ್ಷರಗಳ ಬುಡ ಕತ್ತರಿಸಿಹೋಗಿ ಗೌರಮ್ಮ 'ಗೌರಮ' ಆದಳು. ಸೊನ್ನೆಯಿಂದ ಶುರುವಾಗುವ ಮನೆ ಫೋನಿನ ನಂಬರುಗಳು ಸೊನ್ನೆ ಕಳೆದುಕೊಂಡವು. ಅಂಕಿ ಎಂದು ತಿಳಿದರೆ ಎಕ್ಸೆಲ್ ಮೊದಲಿನ ಸೊನ್ನೆಗೆ ಬೆಲೆ ಕೊಡುವುದಿಲ್ಲ. ಇವೆಲ್ಲ ಅರ್ಧ ದಿನದಲ್ಲಿ ಸರಿಯಾಗುವಂಥವು, ಆದವು.

ಸರಿಯಾಗದ್ದು 'ಕೋಂ'. ನಮ್ಮ ಕಡೆ ಪಹಣಿ, ಪತ್ರ, ಅರ್ಜಿಗಳನ್ನು ನೋಡಿದವರಿಗೆ ಇದು ಗೊತ್ತು. ಗಂಡಸಿನ ಹೆಸರಿನ ಮುಂದೆ 'ಬಿನ್' ಎಂದು ತಂದೆಯ ಹೆಸರು, ಮದುವೆಯಾದ ಹೆಂಗಸಿನ ಹೆಸರಿನ ಮುಂದೆ 'ಕೋಂ' ಎಂದು ಗಂಡನ ಹೆಸರು. ಸಂಘದ ಹಳೆಯ ರಿಜಿಸ್ಟರಿನಲ್ಲಿ ಈ ಕಾಲಂ ಇತ್ತು, ಹಾಗೆಯೇ ಮಾದರಿಗೂ ಇಳಿಯಿತು. 'ಕೋಂ' ಎಂಬ ಅಕ್ಷರ ಮಾದರಿಯಲ್ಲೇ ಅಚ್ಚಾಗಿತ್ತು, ಪಟ್ಟಿಯಿಂದ ಬರಬೇಕಾದದ್ದು ಅದರ ಮುಂದಿನ ಹೆಸರು ಮಾತ್ರ. ಮೂವತ್ತು ಚಿಲ್ಲರೆ ಕಾರ್ಡುಗಳಲ್ಲಿ 'ಕೋಂ' ಎಂದು ಬಂದು ಮುಂದೆ ಬರೀ ಬಿಳಿ ಜಾಗ ಉಳಿಯಿತು. ವಿಧವೆಯರು, ಮದುವೆಯಾಗದವರು, ಬಿಟ್ಟುಬಂದವರು, ಬಿಡಿಸಿಕೊಂಡವರು ಎಲ್ಲರಿಗೂ ಒಂದೇ ಬಿಳಿ ಜಾಗ.

ಕಂಪ್ಯೂಟರಿಗೆ ಖಾಲಿ ಎಂದರೆ ಖಾಲಿ. ಅದು ಸುಳ್ಳು ಹೇಳಲಿಲ್ಲ, ಯಾರನ್ನೂ ಅವಮಾನಿಸಬೇಕೆಂದು ಹೊರಡಲೂ ಇಲ್ಲ. ಆದರೂ ಆ ಕಾರ್ಡನ್ನು ಕೈಯಲ್ಲಿ ಹಿಡಿದ ಹೆಂಗಸಿಗೆ ಏನು ಕಾಣಿಸುತ್ತದೆ? 'ನಿನಗೆ ಇರಬೇಕಾಗಿದ್ದದ್ದು ಇಲ್ಲ' ಎಂದು ಅಚ್ಚು ಹಾಕಿಸಿ ಕೊಟ್ಟಂತೆ ಕಾಣಿಸುತ್ತದೆ.

ಸಮಿತಿಯಲ್ಲಿ ಮಾತಾಯಿತು. ಖಾಲಿ ಇರುವ ಕಡೆ ಗೆರೆ ಎಳೆಯೋಣ ಎಂದರು ಒಬ್ಬರು. ತಂದೆಯ ಹೆಸರು ಹಾಕಿಬಿಡೋಣ ಎಂದರು ಇನ್ನೊಬ್ಬರು, ಅರುವತ್ತೈದು ದಾಟಿದವರಿಗೂ! ಖಾನಾವಳಿ ನಡೆಸುವ ಸದಸ್ಯೆಯೊಬ್ಬರು, "ಹದಿನೆಂಟು ವರ್ಷದಿಂದ ಮನೆ ಕಡೆ ತಲೆ ಹಾಕದ ಮನುಷ್ಯನ್ನ ನನ್ನ ಕಾರ್ಡಿಗೆ ಯಾಕ್ರೀ ಕರೆದುಕೊಂಡು ಬರ್ತೀರಿ ಅಕ್ಕ?" ಎಂದು ನನ್ನನ್ನೇ ಕೇಳಿದರು. ಅಕ್ಕನ ಮಗಳಿಗೆ ಫೋನ್ ಮಾಡಿದರೆ ಅವಳು, "ಚಿಕ್ಕಮ್ಮ, ಆ ಸಾಲೇ ಬೇಡ, ಎಲ್ಲರದ್ದೂ ತೆಗೆದುಬಿಡ್ತೀನಿ, ಎಲ್ಲರೂ ಸಮ ಆಗ್ತಾರೆ" ಎಂದಳು.

ನನಗೂ ಅದೇ ಸರಿ ಎನಿಸಿತ್ತು. ಆದರೆ ಸದಸ್ಯೆಯರಲ್ಲಿ ಅತ್ಯಂತ ಹಿರಿಯರಾದ ಒಬ್ಬ ಅಜ್ಜಿ ಬಂದು, "ನಮ್ಮನೆಯವರ ಹೆಸರು ನನ್ನ ಕಾರ್ಡಿನಲ್ಲಿ ಇರಲಿ ಕಣಮ್ಮ. ಈಗ ಅದೊಂದೇ ಕಡೆ ನಮ್ಮಿಬ್ಬರ ಹೆಸರು ಒಟ್ಟಿಗೆ ಬರೋದು" ಎಂದರು. ಅಲ್ಲಿಗೆ ನಾವೆಲ್ಲ ಸುಮ್ಮನಾದೆವು. ಎಲ್ಲರಿಗೂ ಒಂದು ಸಾಲು ಸೇರಿಸುವುದು ಒಬ್ಬರಿಗೆ ಗಾಯ. ಎಲ್ಲರಿಂದಲೂ ಅದನ್ನು ಕಿತ್ತುಹಾಕುವುದು ಇನ್ನೊಬ್ಬರಿಗೆ ಗಾಯ. ಸಮಾನತೆ ಎಂದರೆ ಎಲ್ಲರಿಗೂ ಒಂದೇ ಅಳತೆ ಎಂದು ತಿಳಿದಿರುವ ನಾವು ಇಂಥ ಜಾಗದಲ್ಲಿ ತಡವರಿಸುತ್ತೇವೆ.

ಪಟ್ಟಿಯನ್ನು ಬೈದು ಬಿಡುವುದು ಸುಲಭ, ಆದರೆ ಅದು ನ್ಯಾಯವಲ್ಲ. ಕಂಪ್ಯೂಟರಿನ ಲೆಕ್ಕದ ಪಟ್ಟಿ 1979ರಲ್ಲಿ ವಿಸಿಕ್ಯಾಲ್ಕ್ ಎಂಬ ಹೆಸರಿನಲ್ಲಿ ಬಂತು. ಅಮೆರಿಕದಲ್ಲಿ ವಾಣಿಜ್ಯ ಓದುತ್ತಿದ್ದ ಡಾನ್ ಬ್ರಿಕ್ಲಿನ್ ಅದನ್ನು ಕಲ್ಪಿಸಿದವರು, ಗೆಳೆಯ ಬಾಬ್ ಫ್ರಾಂಕ್‌ಸ್ಟನ್ ಜೊತೆಗಾರರು. ಅದರಲ್ಲಿ ನನಗೆ ಒಂದು ಘನತೆಯೂ ಕಾಣುತ್ತದೆ. ಪಟ್ಟಿಯಲ್ಲಿ ಅಧ್ಯಕ್ಷರಿಗೂ ಒಂದೇ ಸಾಲು, ಕಸ ಗುಡಿಸುವವರಿಗೂ ಒಂದೇ ಸಾಲು. ಪರಿಚಯದವರಿಗೆ ದೊಡ್ಡ ಅಕ್ಷರ, ಬಡವರಿಗೆ ಚಿಕ್ಕ ಅಕ್ಷರ ಎಂಬುದಿಲ್ಲ. ಕೈಬರಹದ ಕಾಲದಲ್ಲಿ ಬರೆಯುವವರ ಮರ್ಜಿ ನಡೆಯುತ್ತಿತ್ತು. ಅನುಕೂಲವಿದ್ದವರ ಹೆಸರಿಗೆ 'ಶ್ರೀಮತಿ' ಸೇರುತ್ತಿತ್ತು, ಮನೆಗೆಲಸದವಳ ಹೆಸರು ಬೋಳಾಗಿ ಬೀಳುತ್ತಿತ್ತು. ಯಂತ್ರ ಅಷ್ಟರ ಮಟ್ಟಿಗೆ ನಿಷ್ಪಕ್ಷಪಾತಿ. ಪಕ್ಷಪಾತ ಇರುವುದು ಕಾಲಮ್ಮಿನ ತಲೆಬರಹದಲ್ಲಿ. ಏನನ್ನು ಕೇಳಬೇಕೆಂದು ತೀರ್ಮಾನಿಸಿದವರು ಮನುಷ್ಯರೇ.

ಆ ತಲೆಬರಹಕ್ಕೆ ಎಷ್ಟು ಬಲವಿದೆ ನೋಡಿ. ಲೇಖಕಿ ಗೀತಾ ಹರಿಹರನ್ 1984ರಲ್ಲಿ ತಮ್ಮ ಚಿಕ್ಕ ಮಗನ ಹೆಸರಿನಲ್ಲಿ ಬಾಂಡ್ ಕೊಳ್ಳಲು ರಿಸರ್ವ್ ಬ್ಯಾಂಕಿಗೆ ಅರ್ಜಿ ಹಾಕಿದರು, ಪೋಷಕಿಯಾಗಿ ತಾವೇ ಸಹಿ ಮಾಡಿದ್ದರು. ತಂದೆಯ ಸಹಿ ಬೇಕೆಂದು ಅರ್ಜಿ ವಾಪಸು ಬಂತು. ಅವರು ಸುಪ್ರೀಂ ಕೋರ್ಟಿಗೆ ಹೋದರು. 1956ರ ಕಾಯಿದೆಯಲ್ಲಿ ತಂದೆಯ 'ನಂತರ' ತಾಯಿ ಎಂದಿರುವ ಒಂದು ಶಬ್ದಕ್ಕೆ ತಂದೆ ಸತ್ತ ಮೇಲೆ ಎಂದೇ ಅರ್ಥವಲ್ಲ, ತಂದೆ ಆ ಹೊಣೆಯಲ್ಲಿ ಇಲ್ಲದಿರುವಾಗ ಎಂದೂ ಆಗುತ್ತದೆ ಎಂದು ತೀರ್ಪು ಬಂದದ್ದು 1999ರಲ್ಲಿ. ಒಂದು ಸಹಿಯ ಜಾಗ ವಿಸ್ತರಿಸಲು ಹದಿನಾಲ್ಕು ವರ್ಷ ದಾಟಿತು. ತಾಯಿಯೊಬ್ಬಳೇ ಸಾಕಿದ ಮಕ್ಕಳು ಪ್ಯಾನ್ ಕಾರ್ಡಿಗೆ ತಂದೆಯ ಹೆಸರು ಬರೆಯಲೇಬೇಕಾಗಿಲ್ಲ ಎಂಬ ನಿಯಮ ಬಂದದ್ದು 2018ರ ಡಿಸೆಂಬರಿನಲ್ಲಿ. ಅದಕ್ಕೆ ಮೊದಲು ಆ ಚೌಕದ ಮುಂದೆ ಪೆನ್ನು ಹಿಡಿದು ಕೂತ ಮಕ್ಕಳನ್ನು ನೆನೆಸಿಕೊಳ್ಳಿ.

ನಮ್ಮ ಕಡೆಯ ಹೆಸರುಗಳ ಪಾಡೂ ಇದೇ. ನಮ್ಮಲ್ಲಿ ಎಷ್ಟೋ ಜನರಿಗೆ ಊರಿನದು, ತಂದೆಯದು ಎಂದು ಇನಿಷಿಯಲ್ ಉಂಟು, ಮನೆತನದ ಹೆಸರಿಲ್ಲ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವರು ಅಮೆರಿಕಕ್ಕೆ ಹೊರಟರೆ, ವೀಸಾದಲ್ಲಿ ಸ್ವಂತ ಹೆಸರಿನ ಜಾಗಕ್ಕೆ 'ಎಫ್‌ಎನ್‌ಯು' ಎಂದು ಬೀಳುತ್ತದೆ. ಮೊದಲ ಹೆಸರು ತಿಳಿಯದು ಎಂದು ಅದರ ಅರ್ಥ. ಮಗನ ಮನೆಗೆ ಬಾಣಂತನಕ್ಕೆಂದು ಹೋಗುವ ತಾಯಿ, ತನ್ನ ಇಡೀ ಹೆಸರನ್ನು ಕೊಟ್ಟ ಮೇಲೂ ಹೆಸರು ತಿಳಿಯದವಳಾಗಿ ಹೋಗುತ್ತಾಳೆ.

ವಿಜ್ಞಾನಿಗಳನ್ನೂ ಚೌಕ ಬಿಟ್ಟಿಲ್ಲ. ಮನುಷ್ಯರ ಕೆಲವು ಜೀನುಗಳಿಗೆ 'ಮಾರ್ಚ್1', 'ಸೆಪ್ಟ್1' ಎಂಬಂಥ ಹೆಸರುಗಳಿದ್ದವು. ಎಕ್ಸೆಲ್ ಅವನ್ನು ತಾರೀಖು ಎಂದು ತಿಳಿದು ಬದಲಾಯಿಸಿಬಿಡುತ್ತಿತ್ತು, ಸಂಶೋಧನೆಯ ಪಟ್ಟಿಗಳು ಕೆಡುತ್ತಿದ್ದವು. ಕೊನೆಗೆ 2020ರಲ್ಲಿ ಜೀನುಗಳಿಗೆ ಹೆಸರಿಡುವ ಸಮಿತಿ ಆ ಹೆಸರುಗಳನ್ನೇ ಬದಲಿಸಿದ್ದನ್ನು ಪ್ರಕಟಿಸಿತು. 2023ರಲ್ಲಿ ಎಕ್ಸೆಲ್ ಕೂಡ ಹಾಗೆ ಬದಲಾಗದಂತೆ ತಡೆಯುವ ಅವಕಾಶ ಕೊಟ್ಟಿತು. ಮೊದಲು ಬಾಗಿದವರು ಯಾರು ಎಂಬುದನ್ನು ಗಮನಿಸಿ. ವಿದ್ಯೆ, ಸಂಸ್ಥೆ ಎಲ್ಲ ಇದ್ದವರೇ ಮೊದಲು ಬಾಗಿದರೆಂದ ಮೇಲೆ, ತಾಲ್ಲೂಕು ಕಚೇರಿಯ ಕಿಟಕಿಯ ಮುಂದೆ ನಿಂತ ಹೆಣ್ಣುಮಗಳು ಬಾಗದೆ ಏನು ಮಾಡುತ್ತಾಳೆ?

ಹಾಗೆಂದು ಚೌಕವೇ ಬೇಡ ಎನ್ನಲು ಬರುತ್ತದೆಯೆ? ಪಿಂಚಣಿ, ಪಡಿತರ, ಬ್ಯಾಂಕಿನ ಖಾತೆ ಎಲ್ಲವೂ ಪಟ್ಟಿಯಲ್ಲಿ ಹೆಸರಿದ್ದವರಿಗೇ ಸಿಗುವುದು. ಪಟ್ಟಿಯಿಂದ ಹೊರಗೆ ಉಳಿದವರ ಕಷ್ಟ, ಪಟ್ಟಿಯಲ್ಲಿ ಮುದುಡಿ ಕೂತವರ ಕಷ್ಟಕ್ಕಿಂತ ದೊಡ್ಡದು. ಪ್ರತಿಯೊಬ್ಬರನ್ನೂ ಕೂರಿಸಿಕೊಂಡು 'ನಿಮ್ಮನ್ನು ಹೇಗೆ ಬರೆಯಲಿ' ಎಂದು ಕೇಳುತ್ತ ಹೋದರೆ ಯಾವ ಕಚೇರಿಯೂ ನಡೆಯದು. ಈ ಮಾತನ್ನು ಒಪ್ಪಬೇಕು.

ಇಲ್ಲಿ ಪಂಕ್ತಿಯ ಊಟ ನನಗೊಂದು ದಾರಿ ತೋರಿಸುತ್ತದೆ. ಅಲ್ಲಿಯೂ ನಕ್ಷೆ ಒಂದೇ, ಕ್ರಮ ಒಂದೇ. ಆದರೆ ಬಡಿಸುವವರ ಕಣ್ಣು ಎಲೆಯ ಮೇಲಷ್ಟೇ ಇರುವುದಿಲ್ಲ, ಉಣ್ಣುವವರ ಮುಖದ ಮೇಲೂ ಇರುತ್ತದೆ. ಸಕ್ಕರೆ ಕಾಯಿಲೆಯವರ ಎಲೆಗೆ ಪಾಯಸ ಬೀಳುವ ಮುಂಚೆ ಸೌಟು ಒಂದು ಗಳಿಗೆ ನಿಲ್ಲುತ್ತದೆ. ಮಗುವಿನ ಎಲೆಗೆ ಉಪ್ಪಿನಕಾಯಿ ಬೀಳುವುದಿಲ್ಲ. ಇನ್ನೂರು ಜನರನ್ನು ಬಡಿಸುತ್ತಲೇ ಅಷ್ಟು ನೋಡಲು ಸಾಧ್ಯವಿದೆ. ನಿಂತ ಆ ಒಂದು ಗಳಿಗೆಯನ್ನೇ ನಾನು ನೀತಿ ಎನ್ನುತ್ತೇನೆ. ಅದನ್ನು ಯಂತ್ರ ತಾನಾಗಿ ಮಾಡುವುದಿಲ್ಲ, ನಾವು ಹೇಳಿಕೊಟ್ಟರೆ ಮಾಡುತ್ತದೆ.

ನಮ್ಮ ಕಾರ್ಡಿನಲ್ಲಿ ಕೊನೆಗೆ ಆದದ್ದೂ ಅದೇ. 'ಕೋಂ' ಎಂಬ ಅಕ್ಷರವನ್ನು ಮಾದರಿಯಿಂದ ತೆಗೆದು ಪಟ್ಟಿಗೆ ಕಳಿಸಿದೆವು. ಸದಸ್ಯೆಯರನ್ನು ಹೆಸರಿನ ಕೆಳಗೆ ಏನಾದರೂ ಬರೆಸಬೇಕೇ ಎಂದಷ್ಟೇ ಕೇಳಿದೆವು. ಬರೆಸಿದವರಿಗೆ ಬರೆಸಿದಂತೆ ಬಂತು. ಬೇಡವೆಂದವರ ಕಾರ್ಡಿನಲ್ಲಿ ಆ ಸಾಲೇ ಇರದೆ ಕೆಳಗಿನ ವಿಳಾಸ ಮೇಲಕ್ಕೆ ಬಂದು ಕೂತಿತು, ಖಾಲಿ ಎಂಬ ಗುರುತೂ ಉಳಿಯಲಿಲ್ಲ. ಕೇಳಿ ಮುಗಿಸಲು ಹದಿನೈದು ದಿನ ಹಿಡಿಯಿತು. ಅಜ್ಜಿ ಗಂಡನ ಹೆಸರು ಬರೆಸಿದರು. ಖಾನಾವಳಿಯವರು ಏನೂ ಬರೆಸಲಿಲ್ಲ. ಇಬ್ಬರು ತಾಯಿಯ ಹೆಸರು ಬರೆಸಿದರು, ಅದನ್ನು ನಾವು ಯಾರೂ ಎಣಿಸಿರಲಿಲ್ಲ.

ಇನ್ನೂರು ಜನರನ್ನು ಕೇಳಬಹುದು, ಕೋಟಿ ಜನರನ್ನು ಹೇಗೆ ಕೇಳುವುದು ಎನ್ನುವಿರಿ. ಕೇಳಲಾಗದು, ನಿಜ. ಆದರೆ ಮಾದರಿ ಮಾಡುವಾಗಲೇ ರಮಾಳ ಜಾಗದಲ್ಲಿ ಪುಟ್ಟಲಕ್ಷ್ಮಮ್ಮನನ್ನು ಕೂರಿಸಿ ನೋಡಬಹುದು. ಹುಟ್ಟಿದ ತಾರೀಖು ಗೊತ್ತಿಲ್ಲದವಳು, ಗಂಡನ ಹೆಸರು ಬೇಡವೆನ್ನುವವಳು, ಒಂದೇ ಹೆಸರಿನವಳು, ಫೋಟೋದಲ್ಲಿ ನಗದವಳು, ಇವರನ್ನು ಮೊದಲು ಕರೆದು ಆಮೇಲೆ ಗೆರೆ ಎಳೆಯಬಹುದು. ಅವರಿಗೆ ಹಿಡಿಸುವ ಚೌಕದಲ್ಲಿ ರಮಾ ಹೇಗೂ ಆರಾಮವಾಗಿ ಕೂರುತ್ತಾಳೆ. ಅಕ್ಕನ ಮಗಳು ಈಗ ಮಾದರಿಯಲ್ಲಿ ತುಂಬಲು ಅಂಥ ಹೆಸರುಗಳ ಒಂದು ಪಟ್ಟಿ ಇಟ್ಟುಕೊಂಡಿದ್ದಾಳೆ. ತೀರ ಉದ್ದದ ಹೆಸರು ಕಿವಿಗೆ ಬಿದ್ದರೆ ನಾನೂ ಫೋನ್ ಮಾಡಿ ಬರೆಸುತ್ತೇನೆ.