ನೋವು ತಿಂದರೇನೇ ತಾಯಿನಾ?

ನಮ್ಮ ಗುಂಡ್ಲುಪೇಟೆ ಕಡೆ ಬಸುರಿಗೆ ದಿನ ಹತ್ತಿರ ಬಂತು ಅಂದ್ರೆ ಹಿರಿಯರು ಹೇಳೋ ಮಾತು ಒಂದೇ: "ಒಸಿ ತಡಕೊ ಮಗ, ಹೆಣ್ಣಾದ್ ಮ್ಯಾಲೆ ಬ್ಯಾನೆ ತಿನ್ನಲೇಬೇಕು." ಈ ಮಾತಲ್ಲಿ ಪ್ರೀತಿ ಇದೆ, ಧೈರ್ಯ ತುಂಬೋ ಆಸೆ ಇದೆ. ನೋವು ಕಮ್ಮಿ ಮಾಡೋ ದಾರಿಯೇ ಇಲ್ಲದಿದ್ದ ಕಾಲಕ್ಕೆ ಇದಕ್ಕಿಂತ ಒಳ್ಳೆ ಸಮಾಧಾನ ಬೇರೆ ಇರಲಿಲ್ಲ. ಆದರೆ ದಾರಿ ಇರೋ ಕಾಲದಲ್ಲೂ ಅದನ್ನೇ ಹೇಳಿದರೆ ಅದು ಸಮಾಧಾನ ಆಗಲ್ಲ, ಅಪ್ಪಣೆ ಆಗುತ್ತೆ.

ನಾನು ಗಂಡಸು. ಈ ನೋವು ನನಗೆ ಯಾವತ್ತೂ ಬರಲ್ಲ. ಎಷ್ಟು ತಡಕೋಬೇಕು ಅಂತ ಹೇಳೋ ಹಕ್ಕು ನನಗಿಲ್ಲ. ಆದರೆ ಆ ಹಕ್ಕನ್ನ ನೋವು ಬಾರದವರೆಲ್ಲ ಎಷ್ಟು ಸಲೀಸಾಗಿ ಕೈಗೆ ತಗೊಂಡುಬಿಡ್ತೀವಿ ಅನ್ನೋದರ ಬಗ್ಗೆ ಬರೆಯಬಹುದು ಅಂದುಕೊಂಡಿದ್ದೀನಿ.

ಇದು ನಮ್ಮೂರಿನ ಜಗಳ ಮಾತ್ರ ಅಲ್ಲ. 1847ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೊದಲ್ಲಿ ಜೇಮ್ಸ್ ಯಂಗ್ ಸಿಂಪ್ಸನ್ ಅನ್ನೋ ಡಾಕ್ಟರು ಹೆರಿಗೆಗೆ ಮೊದಲು ಈಥರ್, ಆಮೇಲೆ ಕ್ಲೋರೋಫಾರ್ಮ್ ಕೊಟ್ಟರು. ಹೆಣ್ಣು ನೋವಲ್ಲೇ ಹೆರಬೇಕು ಅಂತ ದೇವರೇ ಹೇಳಿದ್ದಾನೆ ಅನ್ನೋ ಆಕ್ಷೇಪಕ್ಕೆ ಅವರು ಅದೇ ವರ್ಷ ಪುಸ್ತಿಕೆ ಬರೆದು ಉತ್ತರ ಕೊಡಬೇಕಾಯ್ತು. 1853ರಲ್ಲಿ ವಿಕ್ಟೋರಿಯಾ ರಾಣಿ ತನ್ನ ಎಂಟನೇ ಹೆರಿಗೆಗೆ ಜಾನ್ ಸ್ನೋ ಅನ್ನೋ ಡಾಕ್ಟರ ಕೈಯಲ್ಲಿ ಕ್ಲೋರೋಫಾರ್ಮ್ ತಗೊಂಡಳು. ರಾಣಿಯೇ ತಗೊಂಡ ಮೇಲೆ ತಪ್ಪು ಅನ್ನೋಕೆ ಜನಕ್ಕೆ ಕಷ್ಟ ಆಯ್ತು.

ನಮ್ಮಲ್ಲಿ ಇದನ್ನ ದೇವರ ಹೆಸರಲ್ಲಿ ಹೇಳೋದಕ್ಕಿಂತ ಹೆಮ್ಮೆಯ ಹೆಸರಲ್ಲಿ ಹೇಳೋದು ಜಾಸ್ತಿ. ನಮ್ಮಜ್ಜಿ ಹೇಳ್ತಿದ್ದಳು: "ಏಳು ಹೆತ್ತೆ ಕನಪ್ಪ, ಪಕ್ಕದ್ ಮನೆಗೂ ಒಂದ್ ಸದ್ದು ಕೇಳಿಸ್ನಿಲ್ಲ." ಆ ಹೆಮ್ಮೆಯನ್ನ ನಾನು ಎರಡು ಕೈಯಲ್ಲಿ ಹಿಡಕೊಂಡು ಕಣ್ಣಿಗೊತ್ತಿಕೊಳ್ತೀನಿ. ಅವಳಿಗೆ ಬೇರೆ ದಾರಿ ಇರಲಿಲ್ಲ, ಇದ್ದ ಒಂದೇ ದಾರೀಲಿ ತಲೆ ಎತ್ತಿ ನಡೆದಳು. ಆದರೆ ಅದೇ ಅಜ್ಜಿ ಅರ್ಧ ಮೈಲಿ ದೂರದ ಬಾವಿಯಿಂದ ನೀರು ಹೊತ್ತಳು. ಮನೆ ಮುಂದೆ ನಲ್ಲಿ ಬಂದಾಗ, ಇದರಿಂದ ಅಜ್ಜಿಗೆ ಅವಮಾನ, ಸೊಸೆಯೂ ಬಾವಿಗೇ ಹೋಗಲಿ ಅಂತ ಯಾರೂ ಅನ್ನಲಿಲ್ಲ. ಕಷ್ಟ ಪಟ್ಟವರಿಗೆ ಗೌರವ ಕೊಡೋದು ಬೇರೆ, ಅದೇ ಕಷ್ಟವನ್ನ ಮುಂದಿನವರಿಗೆ ಕಟ್ಟಳೆ ಮಾಡೋದು ಬೇರೆ.

"ನೋವು ತಿಂದರೇನೇ ಮಗೂ ಮೇಲೆ ಪ್ರೀತಿ" ಅಂತಾನೂ ಹೇಳ್ತಾರೆ. ಹಾಗಾದ್ರೆ ಬೆನ್ನಿಗೆ ಇಂಜೆಕ್ಷನ್ ತಗೊಂಡು ಸಿಸೇರಿಯನ್ ಮಾಡಿಸಿಕೊಂಡ ತಾಯಿಗೆ ಪ್ರೀತಿ ಕಮ್ಮಿನಾ? ದತ್ತು ತಗೊಂಡವಳಿಗೆ? ಒಂದು ಚೂರೂ ನೋಯದ ನಮ್ಮಪ್ಪಂದಿರಿಗೆ? ಈ ವಾದ ಇಲ್ಲಿಗೇ ಬಿದ್ದುಹೋಗುತ್ತೆ.

ನೋವಿಗೆ ಒಂದು ಕೆಲಸ ಇದೆ, ನಿಜ. ಹೊತ್ತಾಯ್ತು, ಹೊರಡು ಅಂತ ಹೇಳುತ್ತೆ. ನಮ್ಮ ಕೆಲಸದಲ್ಲಿ ಸರ್ವರ್ ಕೆಟ್ಟರೆ ರಾತ್ರಿ ಎರಡು ಗಂಟೆಗೆ ಅಲಾರಂ ಬರುತ್ತೆ. ಎದ್ದು ಕೂತು ನೋಡ್ತಿದ್ದೀನಿ ಅಂತ ಒತ್ತಿದ ಮೇಲೂ ಅದು ಬೆಳಗಿನ ತನಕ ಕೂಗ್ತಾನೇ ಇರಲಿ ಅಂತ ಯಾರೂ ಬಿಡಲ್ಲ.

ಹಾಗಾದ್ರೆ ದಾರಿಗಳು ಏನೇನಿವೆ? ಎಪಿಡ್ಯೂರಲ್ ಅಂದ್ರೆ ಸೊಂಟದ ಹತ್ತಿರ ಬೆನ್ನಲ್ಲಿ ಸಣ್ಣ ಟ್ಯೂಬ್ ಇಟ್ಟು ಔಷಧ ಬಿಡ್ತಾರೆ. ತಾಯಿಗೆ ಪೂರ್ತಿ ಎಚ್ಚರ ಇರುತ್ತೆ, ನೋವು ಬಹಳ ಇಳಿಯುತ್ತೆ. ಬಿಪಿ ಇಳಿಯಬಹುದು, ಜ್ವರ ಬರಬಹುದು, ಕೊನೆಯ ಹಂತ ಸ್ವಲ್ಪ ಉದ್ದ ಆಗಬಹುದು, ಅಪರೂಪಕ್ಕೆ ಜೋರು ತಲೆನೋವು ಬರಬಹುದು. ಆದರೆ ಇದರಿಂದ ಸಿಸೇರಿಯನ್ ಜಾಸ್ತಿ ಆಗುತ್ತೆ ಅನ್ನೋ ಭಯಕ್ಕೆ ಅಧ್ಯಯನಗಳಲ್ಲಿ ಆಧಾರ ಸಿಕ್ಕಿಲ್ಲ. ಇನ್ನೊಂದು, ನೈಟ್ರಸ್ ಆಕ್ಸೈಡ್ ಮತ್ತು ಆಮ್ಲಜನಕ ಅರ್ಧರ್ಧ ಬೆರೆಸಿದ ಗ್ಯಾಸು. ಬ್ಯಾನೆ ಬಂದಾಗ ತಾಯಿಯೇ ಎಳೆದುಕೊಳ್ಳೋದು. ಪೆಥಿಡಿನ್ ಥರದ ಇಂಜೆಕ್ಷನ್ ಕೂಡ ಇದೆ, ಅದರಿಂದ ಮಂಪರು, ವಾಂತಿ ಬರಬಹುದು. ಹೊತ್ತು ನೋಡಿ ಕೊಡದಿದ್ದರೆ ಮಗೂ ಉಸಿರಾಟಕ್ಕೂ ತೊಂದರೆ.

ಈಗ ನಮ್ಮ ಜಿಲ್ಲೆಗೆ ಬರೋಣ. ಚಾಮರಾಜನಗರಕ್ಕೆ 2016ರಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಬಂತು. ಗುಂಡ್ಲುಪೇಟೆಯಿಂದ ತೆರಕಣಾಂಬಿ ಮೇಲೆ ಅಲ್ಲಿಗೆ 35 ಕಿಲೋಮೀಟರ್ ಆಸುಪಾಸು. ಆದರೆ ಎಪಿಡ್ಯೂರಲ್ ಕೊಟ್ಟ ಮೇಲೆ ಹೆರಿಗೆ ಮುಗಿಯೋ ತನಕ ನಿಗಾ ಇಡೋಕೆ ಅರಿವಳಿಕೆ ಡಾಕ್ಟರು ಬೇಕು. ಒಂದು ಆಸ್ಪತ್ರೆಗೆ ಅಂಥವರು ಒಬ್ಬರೇ ಇದ್ದರೆ, ತುರ್ತು ಸಿಸೇರಿಯನ್ ಬಿಟ್ಟು ಬಾ ಅಂತ ಅವರನ್ನ ಕರೆಯೋಕಾಗಲ್ಲ. ಆಗ ಹೆಂಗಸಿಗೆ ಉಳಿಯೋದು ಎರಡೇ: ಪೂರ್ತಿ ತಡಕೊ, ಇಲ್ಲಾ ಕುಯ್ಸಿಕೊ. ಇದನ್ನ ಆಯ್ಕೆ ಅಂತ ಕರೆಯೋಕೆ ನನಗೆ ನಾಲಿಗೆ ಬರಲ್ಲ.

ಇಲ್ಲೇ ನನ್ನ ಮುಖ್ಯ ತಕರಾರು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತೆ. ತುಂಬಾ ಒಳ್ಳೇದು, ಇದರಿಂದ ಜೀವ ಉಳಿದಿವೆ. ಮನೆ ಹೆರಿಗೆಗೆ ವಾಪಸ್ ಹೋಗಿ ಅಂತ ನಾನು ಸತ್ತರೂ ಹೇಳಲ್ಲ. ಆದರೆ ಸೂಲಗಿತ್ತಿ ಹತ್ತಿರ ಒಂದಿಷ್ಟು ಇತ್ತು. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಕೊಟ್ಟೆವಲ್ಲ, ಅಂಥವರ ಹತ್ತಿರ. ಸೊಂಟ ನೀವೋ ಕೈ, ಎದ್ದು ಓಡಾಡು ಅನ್ನೋ ಮಾತು, ಬಿಟ್ಟು ಹೋಗದ ಪಕ್ಕ. ಅವೆಲ್ಲ ಸುಮ್ಮನೆ ಅಲ್ಲ. ಮೊದಲ ಹಂತದಲ್ಲಿ ಎದ್ದು ಓಡಾಡಿದರೆ ಆ ಹಂತ ಒಂದು ಗಂಟೆಗೂ ಹೆಚ್ಚು ಕಮ್ಮಿ ಆಗುತ್ತೆ, ಪಕ್ಕದಲ್ಲಿ ಒಬ್ಬರು ಸತತವಾಗಿ ಇದ್ದರೆ ಸಿಸೇರಿಯನ್ನೂ ಕಮ್ಮಿ ಆಗುತ್ತೆ ಅಂತ ಸಂಶೋಧನೆಗಳೇ ಹೇಳ್ತವೆ. ಕೇಂದ್ರ ಸರ್ಕಾರ 2017ರಲ್ಲಿ ಶುರು ಮಾಡಿದ 'ಲಕ್ಷ್ಯ' ಕಾರ್ಯಕ್ರಮದಲ್ಲಿ ಹೆರಿಗೆ ಕೋಣೆಯೊಳಗೆ ಜೊತೆಗಾರ್ತಿ ಇರಲಿ ಅಂತಲೇ ಇದೆ. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಜೊತೆಗಾರರೂ ಇರಲಿ, ಕೇಳಿದವರಿಗೆ ಎಪಿಡ್ಯೂರಲ್ಲೂ ಕೊಡಿ ಅಂತು. ಹೆರೋ ಹೆಂಗಸಿನಿಂದ ಹಳೇ ಕೈಯನ್ನ ಕಿತ್ತುಕೊಂಡು ಹೊಸ ಔಷಧಾನೂ ಕೊಡದೇ ಹೋದರೆ, ಸುರಕ್ಷೆಗೆ ಅವಳಿಂದ ಬಾಡಿಗೆ ವಸೂಲಿ ಮಾಡಿದ ಹಾಗೆ. ಡಾಕ್ಟರ ಕೊರತೆ ನೀಗೋಕೆ ವರ್ಷಗಳು ಬೇಕು. ಒಬ್ಬ ಅಕ್ಕನನ್ನೋ ಅವ್ವನನ್ನೋ ಒಳಗೆ ಬಿಡೋಕೆ ಏನು ಬೇಕು?

ಔಷಧ ಬೇಡ, ನಾನೇ ತಡಕೊಳ್ತೀನಿ ಅನ್ನೋರಿಗೂ ಅಷ್ಟೇ ಮರ್ಯಾದೆ ಇರಲಿ. ಪ್ರಶ್ನೆ ಸೂಜಿಯದ್ದಲ್ಲ, ಯಾರು ಹೇಳಬೇಕು ಅನ್ನೋದು. ವಯಸ್ಸಿಗೆ ಬಂದ, ಎಚ್ಚರ ಇರೋ ರೋಗಿಯ ಬದಲು ಅವಳ ತಾಯಿ ಒಪ್ಪಿಗೆ ಕೊಟ್ಟರೂ ನಡೆಯಲ್ಲ ಅಂತ 2008ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ. ಅಂದ್ಮೇಲೆ ಗಂಡ, ಅತ್ತೆ, ಮಾವನ ಮಾತು ಎಷ್ಟರದು?

ಬ್ಯಾನೆ ಬಂದ ಮೇಲೆ ಕೇಳೋ ಪ್ರಶ್ನೆ ಅಲ್ಲ ಇದು. ಏಳನೇ ತಿಂಗಳಲ್ಲಿ ಸೀಮಂತ ಮಾಡಿ ಕೈ ತುಂಬಾ ಹಸಿರು ಬಳೆ ತೊಡಿಸ್ತೀವಿ, ತಲೆ ತುಂಬಾ ಮಲ್ಲಿಗೆ ಮುಡಿಸ್ತೀವಿ. ಆವತ್ತೇ ಒಂದು ಮೂಲೇಲಿ ಕೂತು ಕೇಳಿ: "ನಿನಗೆ ಹೆಂಗೆ ಬೇಕು? ಪಕ್ಕದಲ್ಲಿ ಯಾರಿರಬೇಕು?" ಮುಂದಿನ ಸಲ ತಾಯಿ ಕಾರ್ಡು ಹಿಡಕೊಂಡು ಚೆಕಪ್ಪಿಗೆ ಹೋದಾಗ ಡಾಕ್ಟರನ್ನೂ ಕೇಳಿ: ಇಲ್ಲಿ ನೋವಿಗೆ ಏನು ಕೊಡ್ತೀರಿ, ರಾತ್ರಿ ಹೊತ್ತೂ ಸಿಗುತ್ತಾ, ದುಡ್ಡು ಎಷ್ಟಾಗುತ್ತೆ, ಜೊತೆಗೆ ಒಬ್ಬರನ್ನ ಬಿಡ್ತೀರಾ? ಇಲ್ಲ ಅನ್ನೋ ಉತ್ತರಾನೇ ಬರಬಹುದು. ಆದರೆ ಕೇಳೋರು ಜಾಸ್ತಿ ಆದರೆ 'ಇಲ್ಲ' ಅನ್ನೋಕೂ ಸ್ವಲ್ಪ ನಾಚಿಕೆ ಆಗುತ್ತೆ.