ಕೇಳಿದೆ ಅಂದರೆ ಏನು?

ಕುದೂರಿನ ನಮ್ಮ ಮನೆಯಲ್ಲಿರುವ ಹಳೇ ಲ್ಯಾಪ್‌ಟಾಪಿನಲ್ಲಿ ಹಾಡು ಕೇಳಬೇಕಾದರೆ ಒತ್ತುವುದಕ್ಕೆ ಬಟನ್ ಇಲ್ಲ. ಕಪ್ಪು ಪರದೆ ತೆರೆದು, ಇಂಗ್ಲಿಷಿನಲ್ಲಿ ‘ಎಂಪಿವಿ’ ಅಂತ ಮೂರಕ್ಷರ ಕುಟ್ಟಿ, ಪಕ್ಕದಲ್ಲಿ ಕಡತದ ಹೆಸರು ಬರೆದು ಎಂಟರ್ ಒತ್ತಬೇಕು. ನೋಡಿದವರೆಲ್ಲ ನಗ್ತಾರೆ. “ಮಗ ಬೆಂಗಳೂರಲ್ಲಿ ಸಾಫ್ಟ್‌ವೇರು, ಅಪ್ಪಂಗೆ ಇಂಥದ್ದು ಕೊಟ್ಟವ್ನೆ” ಅನ್ನುವ ನಗು.

ಕಾರಣ ಸರಳ. ನಾನು ಬಳಸಿ ಬಿಟ್ಟ ಆ ಯಂತ್ರದಲ್ಲಿರುವುದು 2 ಜಿಬಿ ರ‍್ಯಾಮ್. ಉಳಿದ ಪ್ಲೇಯರುಗಳೆಲ್ಲ ತಡವರಿಸುತ್ತಿದ್ದವು, ಇದೊಂದು ತಡವರಿಸಲಿಲ್ಲ. 2000ದಲ್ಲಿ ಹಂಗೇರಿಯ ಅರ್ಪಾದ್ ಗೆರೆಯೊಫಿ ಅನ್ನುವವರು ಲಿನಕ್ಸ್‌ಗೆ ಒಂದು ಸರಿಯಾದ ಪ್ಲೇಯರ್ ಬೇಕೆಂದು ‘ಎಂಪ್ಲೇಯರ್’ ಶುರು ಮಾಡಿದರು. ಅದರ ಕವಲೊಡೆದು ಬಂದದ್ದು ಎಂಪಿವಿ. ಉಚಿತ, ಮುಕ್ತ. ಹಾಡು ನಡೆಯುವಾಗ ಪರದೆಯ ಮೇಲೆ ಒಂದೇ ಒಂದು ಸಾಲು: ಎಷ್ಟು ಹೊತ್ತಾಯಿತು, ಒಟ್ಟು ಎಷ್ಟು. ಸ್ಪೇಸ್ ಒತ್ತಿದರೆ ನಿಲ್ಲುತ್ತೆ, ಕ್ಯೂ ಒತ್ತಿದರೆ ಮುಚ್ಚಿಕೊಳ್ಳುತ್ತೆ. ಅಪ್ಪ ಕಲಿತದ್ದು ಆ ಎರಡೇ.

ನನಗೆ ಅದರಲ್ಲಿ ಇಷ್ಟವಾದದ್ದು, ಕೊಟ್ಟ ಕಡತ ಮುಗಿದ ಮೇಲೆ ಅದು ಸುಮ್ಮನಾಗುತ್ತೆ ಅನ್ನುವುದು. ಫೋನಿನಲ್ಲಿ ಒಂದು ಮುಗಿಯುವ ಮೊದಲೇ ಇನ್ನೊಂದು ಬಂದು ನಿಂತಿರುತ್ತೆ, ಹರಿಕಥೆ ಕೇಳಲು ಕೂತವರು ಕೊನೆಗೆ ಯಾರದೋ ಜಗಳ ನೋಡುತ್ತಾ ಕೂತಿರುತ್ತಾರೆ. ಇದು ಹಾಗಲ್ಲ. ಮುಂದೇನು ಅನ್ನುವುದನ್ನು ನಮಗೇ ಬಿಡುತ್ತೆ. ಹೇಳಿದಷ್ಟು ಮಾಡುವ ಯಂತ್ರ ಮನುಷ್ಯನನ್ನು ಹೆಚ್ಚು ಮನುಷ್ಯನಾಗಿ ಇರಿಸುತ್ತೆ ಅಂತ ಸಿಕ್ಕಸಿಕ್ಕವರಿಗೆಲ್ಲ ಭಾಷಣ ಬಿಗಿದಿದ್ದೇನೆ.

ಹೋದ ವರ್ಷ ಆ ಭಾಷಣ ಸ್ವಲ್ಪ ತಣ್ಣಗಾಯಿತು.

ನಮ್ಮ ಜಮೀನು ಇನ್ನೂ ಮುತ್ತಾತನ ಹೆಸರಿನಲ್ಲೇ ಇತ್ತು. ಪೌತಿ ಖಾತೆ ಮಾಡಿಸಬೇಕು, ಅದಕ್ಕೆ ವಂಶವೃಕ್ಷ ಬೇಕು. ತಾತನ ಕೊನೇ ತಮ್ಮನ ಹೆಸರು ಯಾರಿಗೂ ನೆನಪಿಲ್ಲ, ಎಲ್ಲರೂ ಕರೆಯುತ್ತಿದ್ದದ್ದು ಅಡ್ಡಹೆಸರಿನಿಂದ. ಆಗ ನೆನಪಾಯಿತು, ಅಜ್ಜಿ ಹೋಗುವ ಎರಡು ವರ್ಷ ಮೊದಲು, ಭೈರವನದುರ್ಗದ ಬೆಟ್ಟ ಕಾಣುವ ಹಿತ್ತಲಿನಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದಾಗ ಅವರ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದೆ. 41 ನಿಮಿಷ. ಒಂದು ಸಲವೂ ಪೂರ್ತಿ ಕೇಳಿರಲಿಲ್ಲ.

ಎಂಪಿವಿಯಲ್ಲಿ ಚೌಕ ಆವರಣದ ಎರಡು ಕೀಲಿಗಳಿವೆ. ಬಲಗಡೆಯದನ್ನು ಒಂದು ಸಲ ಒತ್ತಿದರೆ ವೇಗ ಶೇ. 10 ಏರುತ್ತೆ. ನಾನು ನಾಲ್ಕು ಸಲ ಒತ್ತಿದೆ, 1.46 ಪಟ್ಟಾಯಿತು. 41 ನಿಮಿಷ 28ಕ್ಕೆ ಇಳಿಯಿತು. ಮಾತು ನಿಂತಲ್ಲೆಲ್ಲ ಬಲಬಾಣ ಒತ್ತಿದೆ, ಒಂದೊಂದು ಒತ್ತಿಗೆ ಐದು ಸೆಕೆಂಡ್ ಮುಂದೆ. ಹೆಸರು ಸಿಕ್ಕಿತು. ಬರೆದುಕೊಂಡು ಕ್ಯೂ ಒತ್ತಿದೆ. “ಪೂರ್ತಿ ಕೇಳ್ದೇನಪ್ಪಾ?” ಅಂತ ಅಪ್ಪ ಕೇಳಿದಾಗ “ಹೂಂ, ಕೇಳ್ದೆ” ಅಂದೆ.

ಮುಂದಿನ ಭಾನುವಾರ ಹೋದಾಗ ಅಪ್ಪ ಅದೇ ಕಡತ ಹಾಕಿಕೊಂಡು ಕೂತಿದ್ದರು. ವೇಗ ಹೆಚ್ಚಿಸುವುದು ಅವರಿಗೆ ಗೊತ್ತಿಲ್ಲ, ಮುಂದಕ್ಕೆ ಹಾರಿಸುವುದೂ ಗೊತ್ತಿಲ್ಲ. ಅಜ್ಜಿ ತನ್ನ ಮಕ್ಕಳ ಲೆಕ್ಕ ಹೇಳುತ್ತಿದ್ದರು. “ಎರಡನೇದು ಹೆಣ್ಣು...” ಅಂದು ಮಾತು ನಿಂತಿತು. ಹನ್ನೊಂದು ಸೆಕೆಂಡ್. ಆಮೇಲೆ “ಮೂರನೇದು ನಿಮ್ಮಪ್ಪ” ಅಂತ ಶುರುವಾಯಿತು. ಅಪ್ಪ ಸ್ಪೇಸ್ ಒತ್ತಿದರು.

“ಅಲ್ಲಿ ಅಳ್ತಾ ಅವ್ಳೆ ಕಣಪ್ಪ. ನಿಂಗೆ ಕೇಳಿಸ್ಲಿಲ್ವಾ?”

ನನಗೆ ಅದು ಖಾಲಿ ಜಾಗವಾಗಿತ್ತು. ಎರಡು ಸಲ ಬಾಣ ಒತ್ತಿ ದಾಟಿಬಿಟ್ಟಿದ್ದೆ. ಅಪ್ಪನಿಗೆ ಅದು ತಾನು ನೋಡದೇ ಹೋದ ಅಕ್ಕ.

ಇದರಲ್ಲಿ ತಪ್ಪೇನಿದೆ ಅಂತ ನನ್ನ ಪರವಾಗಿ ನಾನೇ ವಾದ ಮಾಡಿ ನೋಡಿದೆ. ಪಾಠ, ಸುದ್ದಿ, ಚರ್ಚೆ ಎಲ್ಲವನ್ನೂ ಜನ ವೇಗವಾಗಿ ಕೇಳುತ್ತಾರೆ, ಅದರಿಂದ ಯಾರಿಗೂ ನಷ್ಟವಿಲ್ಲ. ಸತ್ತ ಅಜ್ಜಿಗಂತೂ ಇದು ತಿಳಿಯುವುದಿಲ್ಲ. ನನಗೆ ಬೇಕಾಗಿದ್ದದ್ದು ಒಂದು ಹೆಸರು, ಅದು ಸಿಕ್ಕಿತು. ವಾದವೇನೋ ಸರಿಯಾಗೇ ಇದೆ. ಆದರೂ ಆ “ಕೇಳ್ದೆ” ಅನ್ನುವ ಮಾತು ಗಂಟಲಲ್ಲಿ ಸಿಕ್ಕಿಕೊಂಡಿತು.

ಕನ್ನಡದಲ್ಲಿ ‘ಕೇಳು’ ಅನ್ನುವುದಕ್ಕೆ ಎರಡರ್ಥ. ಬೇಕಾದ್ದನ್ನು ಬೇಡುವುದೂ ಕೇಳುವುದೇ, ಕಿವಿಗೊಡುವುದೂ ಕೇಳುವುದೇ. ನಾನು ಅಜ್ಜಿಯ ಹತ್ತಿರ ಹೆಸರು ಕೇಳಿದ್ದೆ, ಅಜ್ಜಿಯನ್ನು ಕೇಳಿರಲಿಲ್ಲ. ಒಂದನ್ನು ಮಾಡಿ ಇನ್ನೊಂದನ್ನೂ ಮಾಡಿದೆ ಅಂತ ಹೇಳಿದ್ದೇ ಸುಳ್ಳು. ಅದರಿಂದ ಅಜ್ಜಿಗೆ ಅನ್ಯಾಯವಾಯಿತೋ ಇಲ್ಲವೋ, ಎದುರಿಗೆ ಕೂತಿದ್ದ ಅಪ್ಪನಿಗಂತೂ ಆಯಿತು.

ಹಿಂದೆ ಟೇಪ್ ವೇಗವಾಗಿ ಓಡಿದರೆ ದನಿ ಇಲಿಯ ಹಾಗೆ ಕೀಚಲಾಗುತ್ತಿತ್ತು, ಮಾಡಿದ ಕೆಲಸ ತಕ್ಷಣ ಕಿವಿಗೆ ಬಡಿಯುತ್ತಿತ್ತು. ಈಗಿನ ತಂತ್ರಾಂಶ ದನಿಯ ಸ್ಥಾಯಿ ಬದಲಾಗದಂತೆ ತಿದ್ದುತ್ತೆ. 1.46ರಲ್ಲೂ ಅಜ್ಜಿ ಅಜ್ಜಿಯೇ, ಸ್ವಲ್ಪ ಅವಸರದಲ್ಲಿರುವ ಅಜ್ಜಿ. ಆ ಅವಸರ ನನ್ನದು ಅನ್ನುವುದು ಮಾತ್ರ ಮರೆತುಹೋಗುತ್ತೆ.

ಹೇಳಿದಷ್ಟೇ ಮಾಡುವ ಯಂತ್ರ ನಮ್ಮನ್ನು ಒಳ್ಳೆಯವರನ್ನಾಗಿಸುತ್ತೆ ಅಂತ ನಾನು ತಿಳಿದಿದ್ದೆ. ಹಾಗೇನಿಲ್ಲ. ನಮ್ಮ ಅಸಹನೆಯನ್ನೂ ಅದು ಅಷ್ಟೇ ವಿಧೇಯವಾಗಿ ನಡೆಸಿಕೊಡುತ್ತೆ. ಫೋನಿನ ಆ್ಯಪ್ ಆಗಿದ್ದರೆ “ಅದೇ ಮುಂದಕ್ಕೆ ಓಡಿತು” ಅಂತ ಅದರ ಮೇಲೆ ಹಾಕಬಹುದಿತ್ತು. ಇಲ್ಲಿ ನಾಲ್ಕು ಸಲ ವೇಗ ಏರಿಸಿದ್ದು, ಎರಡು ಸಲ ಹಾರಿಸಿದ್ದು ನನ್ನ ಬೆರಳೇ. ವಿಚಿತ್ರವೆಂದರೆ ಇದೇ ಕಾರಣಕ್ಕೆ ಈಗಲೂ ಎಂಪಿವಿಯನ್ನೇ ಬಳಸುತ್ತೇನೆ. ಅದರ ಮುಂದೆ ಕೂತಾಗ ತಪ್ಪು ಯಾರದ್ದು ಅನ್ನುವ ಗೊಂದಲ ಇರುವುದಿಲ್ಲ.

ವೇಗವಾಗಿ ಕೇಳುವುದನ್ನೇನೂ ಬಿಟ್ಟಿಲ್ಲ. ಆಫೀಸಿನ ಮೀಟಿಂಗುಗಳನ್ನು ಈಗಲೂ ಓಡಿಸುತ್ತೇನೆ, ಅದಕ್ಕೆ ಪಶ್ಚಾತ್ತಾಪವೂ ಇಲ್ಲ. ಆದರೆ ಹಾಗೆ ಕೇಳಿದ್ದಕ್ಕೆ ‘ಹುಡುಕಿದೆ’ ಅನ್ನುತ್ತೇನೆ, ‘ಕೇಳಿದೆ’ ಅನ್ನುವುದಿಲ್ಲ.

ಖಾತೆ ಕೆಲಸ ಮುಗಿದ ಮೇಲೆ ಒಂದು ರಾತ್ರಿ ಅಪ್ಪನ ಪಕ್ಕ ಕೂತು ಅಷ್ಟೂ 41 ನಿಮಿಷ ಕೇಳಿದೆ. ಆ ಹನ್ನೊಂದು ಸೆಕೆಂಡಿನಲ್ಲಿ ಅವರೆಕಾಯಿ ಸಿಪ್ಪೆ ಬಿರಿಯುವ ಸದ್ದೂ ನಿಂತಿತ್ತು. ಕಡತ ಮುಗಿದು ಕರ್ಸರ್ ಮಿಣುಕುತ್ತಾ ನಿಂತಿತು. ಅಪ್ಪನೂ ಮಾತಾಡಲಿಲ್ಲ, ನಾನೂ ಆಡಲಿಲ್ಲ.